ಕಾರ್ಡಿನ ಎರಡು ಗೆರೆ: ಬಿಲ್ಟಿ ಬಂದರೆ ಮಾಲು ಬಂದಂತಲ್ಲ



ಈ ಸಲದ ವಿಷಯ ಕಂಡು ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಬಸಿರು ಹೌದೋ ಅಲ್ಲವೋ ಎಂದು ನೋಡುವ ಕಾರ್ಡಿನ ಬಗ್ಗೆ ಮೊಮ್ಮಕ್ಕಳನ್ನು ಕಂಡ ಗಂಡಸರು ಬರೆಯುವುದೇ ಎಂದು ಕೇಳಬಹುದು. ಔಷಧಿ ಅಂಗಡಿಯ ಗಲ್ಲೆಯ ಹಿಂದೆ ಕುಳಿತವರಿಗೆ ಆ ನಾಚಿಕೆ ಹೆಚ್ಚು ದಿನ ಉಳಿಯುವುದಿಲ್ಲ. ಸೊಲ್ಲಾಪುರದ ಪೇಟೆಯಲ್ಲಿ ನಾವು ಈ ಕಾರ್ಡನ್ನು ಮಾರುತ್ತ ಬಂದು ಬಹಳ ವರ್ಷಗಳಾದವು. ಕೊಳ್ಳಲು ಬರುವವರು ಹೆಚ್ಚಾಗಿ ಹೊಸದಾಗಿ ಮದುವೆಯಾದ ಹುಡುಗರು. ಬೇರೆ ಗಿರಾಕಿಗಳೆಲ್ಲ ಹೋಗುವ ತನಕ ನಿಂತು, "ಕಾಕಾ, ಆ ಕಾರ್ಡು ಒಂದು ಕೊಡ್ರಿ" ಎಂದು ಮೆಲ್ಲಗೆ ಕೇಳುತ್ತಾರೆ. ನಾವೂ ಕಾಗದದಲ್ಲಿ ಸುತ್ತಿ ಮೆಲ್ಲಗೆ ಕೊಡುತ್ತೇವೆ. ಕಾರ್ಡನ್ನು ಹೇಗೆ ನೋಡಬೇಕು, ನೋಡಿದ್ದಕ್ಕೆ ಎಷ್ಟು ಅರ್ಥ ಹಚ್ಚಬೇಕು ಎಂಬ ಮಾತಿಗೆ ಅಲ್ಲಿ ಆಸ್ಪದವೇ ಇರುವುದಿಲ್ಲ. ಆದಕಾರಣ ಇಲ್ಲಿ ಬರೆಯುತ್ತಿದ್ದೇವೆ.

ವ್ಯಾಪಾರಸ್ಥರಿಗೆ ವ್ಯಾಪಾರದ ಭಾಷೆಯಲ್ಲೇ ಹೇಳುವುದಾದರೆ, ಕಾರ್ಡಿನ ಎರಡು ಗೆರೆ ಎಂಬುದು ಲಾರಿಯ ಬಿಲ್ಟಿ ಇದ್ದಂತೆ. ಬಿಲ್ಟಿ ಕೈಗೆ ಬಂದರೆ ಮಾಲು ಎಲ್ಲಿಂದಲೋ ಹೊರಟಿದೆ ಎಂದು ತಿಳಿಯುತ್ತದೆ. ಆದರೆ ಮಾಲು ನಮ್ಮ ಗೋದಾಮಿನಲ್ಲಿ ಇಳಿದು, ಎಣಿಸಿ ನೋಡಿದ ಮೇಲಷ್ಟೇ ನಾವು ಖಾತೆಗೆ ಬರೆಯುತ್ತೇವೆ. ಮಗುವನ್ನು ಮಾಲಿಗೆ ಹೋಲಿಸಿದೆವೆಂದು ತಾಯಂದಿರು ಮುನಿಯಬಾರದು. ಗಂಡಸರಿಗೆ ಬೇಗ ತಿಳಿಯಲೆಂದು ಹೀಗೆ ಹೇಳಿದೆವು.

ನಮಗೆ ತಿಳಿದ ಒಂದು ಮನೆ. ಊರು ಬೇಡ, ಹೆಸರು ಬೇಡ. ಮದುವೆಯಾಗಿ ಮೂರು ವರ್ಷವಾಗಿದ್ದ ಸೊಸೆಗೆ ದಿನ ತಪ್ಪಿ ನಾಲ್ಕನೆಯ ದಿನಕ್ಕೆ ಕಾರ್ಡಿನಲ್ಲಿ ಎರಡು ಗೆರೆ ಕಂಡವು. ಅಂದೇ ಸಂಜೆ ಓಣಿಯಲ್ಲೆಲ್ಲ ಪೇಢೆ ಹಂಚಿದರು. ತವರಿಗೆ ಫೋನು ಹೋಯಿತು. ಕುಬಸದ ಸೀರೆಯ ಮಾತೂ ನಡೆಯಿತು. ಒಂಬತ್ತನೆಯ ದಿನ ಆಕೆಗೆ ಮುಟ್ಟಾಯಿತು. ಮುಂದೆ ನೋಡಿದ ಇನ್ನೊಂದು ಕಾರ್ಡಿನಲ್ಲಿ ಒಂದೇ ಗೆರೆ. ಅತ್ತೆಯವರು "ಸುಳ್ಳು ಹೇಳಿ ಮಂದಿಯ ಮುಂದೆ ನಮ್ಮ ಮಾನ ಕಳೆದಳು" ಎಂದರು. ಸೊಸೆ ತವರಿಗೆ ಹೋಗಿ ಎರಡು ತಿಂಗಳು ಕುಳಿತಳು. ಆ ಹುಡುಗಿ ಸುಳ್ಳು ಹೇಳಿರಲಿಲ್ಲ. ಕಾರ್ಡು ಕೂಡ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ಒಂದು ಮಾತು, ಮನೆಯವರು ಕೇಳಿಸಿಕೊಂಡದ್ದು ಹತ್ತು ಮಾತು.

ಹಾಗಾದರೆ ಕಾರ್ಡು ಹೇಳುವ ಆ ಒಂದು ಮಾತು ಯಾವುದು?

ಕಾರ್ಡು ಮಗುವನ್ನು ನೋಡುವುದಿಲ್ಲ. ಮೂತ್ರದಲ್ಲಿ ಎಚ್‌ಸಿಜಿ ಎಂಬ ಹಾರ್ಮೋನು ಇದೆಯೋ ಇಲ್ಲವೋ ಎಂಬುದನ್ನಷ್ಟೇ ನೋಡುತ್ತದೆ. ಗರ್ಭ ಕಟ್ಟಿದ ಮೇಲೆ ಆ ಪಿಂಡವು ಸಾಧಾರಣವಾಗಿ 6ರಿಂದ 12 ದಿನಗಳೊಳಗೆ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. ಮುಂದೆ ಮಾಸು ಆಗಬೇಕಾದ ಅದರ ಹೊರಪದರವು ಈ ಹಾರ್ಮೋನನ್ನು ಬಿಡುತ್ತದೆ. ಮೊದಲ ವಾರಗಳಲ್ಲಿ ಅದರ ಪ್ರಮಾಣ ಎರಡು-ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ. ಪೇಟೆಯಲ್ಲಿ ಸಿಗುವ ಹೆಚ್ಚಿನ ಕಾರ್ಡುಗಳು ಒಂದು ಮಿಲಿಲೀಟರ್ ಮೂತ್ರದಲ್ಲಿ 20-25 ಮಿಲಿ ಯೂನಿಟ್‌ನಷ್ಟು ಎಚ್‌ಸಿಜಿ ಇದ್ದರೆ ಗುರುತಿಸುತ್ತವೆ.

ಕಾರ್ಡಿನೊಳಗಿನ ಪಟ್ಟಿಯಲ್ಲಿ ಆ್ಯಂಟಿಬಾಡಿ ಎಂಬ ಪದಾರ್ಥ ಇರುತ್ತದೆ. ಎಚ್‌ಸಿಜಿ ಕೀಲಿಕೈ ಇದ್ದಂತೆ, ಆ್ಯಂಟಿಬಾಡಿ ಅದಕ್ಕೆ ಕೂಡುವ ಕೀಲಿ ಇದ್ದಂತೆ. ಎರಡೂ ಕೂಡಿದಲ್ಲಿ ಬಣ್ಣದ ಗೆರೆ ಮೂಡುತ್ತದೆ. 'ಸಿ' ಎಂಬಲ್ಲಿ ಗೆರೆ ಬಂದರೆ ಕಾರ್ಡು ಕೆಲಸ ಮಾಡಿದೆ ಎಂದು ಅರ್ಥ. 'ಟಿ' ಎಂಬಲ್ಲಿಯೂ ಬಂದರೆ ಎಚ್‌ಸಿಜಿ ಇದೆ ಎಂದು ಅರ್ಥ. ಅದು ಎಲ್ಲಿಂದ ಬಂತು, ಏಕೆ ಬಂತು, ನಾಳೆಯೂ ಇರುತ್ತದೆಯೇ ಎಂಬುದನ್ನು ಕಾರ್ಡು ಹೇಳಲಾರದು.

ಈ ಪರೀಕ್ಷೆಯ ಹಿಂದೆ ಒಂದು ಕಾಲಕ್ಕೆ ಎಷ್ಟು ಹಿಂಸೆ ಇತ್ತೆಂಬುದು ಅಹಿಂಸೆಯನ್ನು ಪರಮಧರ್ಮವೆನ್ನುವ ನಮಗೆ ತಿಳಿದಿರಬೇಕು. 1920ರ ದಶಕದ ಕೊನೆಗೆ ಬರ್ಲಿನ್ನಿನಲ್ಲಿ ಆಶ್‌ಹೈಮ್ ಮತ್ತು ಝೋಂಡೆಕ್ ಎಂಬ ಇಬ್ಬರು ವೈದ್ಯರು ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ನಂತರ ಅವುಗಳನ್ನು ಕೊಂದು, ಅಂಡಾಶಯ ಬಲಿತಿದೆಯೇ ಎಂದು ನೋಡುತ್ತಿದ್ದರು. ಮುಂದೆ ಅಮೆರಿಕದಲ್ಲಿ ಇಲಿಯ ಬದಲು ಮೊಲ ಬಂದಿತು. ಆಮೇಲೆ ಆಫ್ರಿಕದ ಒಂದು ಜಾತಿಯ ಕಪ್ಪೆ ಬಂದಿತು. ಅದಕ್ಕೆ ಗರ್ಭಿಣಿಯ ಮೂತ್ರ ಚುಚ್ಚಿದರೆ ಒಂದು ದಿನದೊಳಗೆ ತತ್ತಿ ಇಡುತ್ತಿತ್ತು. ಕೊಲ್ಲುವ ಕಾರಣವಿರಲಿಲ್ಲ. 1960ರಲ್ಲಿ ಸ್ವೀಡನ್ನಿನ ವಿಡೆ ಮತ್ತು ಗೆಮ್ಜೆಲ್ ಎಂಬವರು ಆ್ಯಂಟಿಬಾಡಿ ಬಳಸಿ ಗಾಜಿನ ನಳಿಕೆಯಲ್ಲೇ ನೋಡುವ ವಿಧಾನ ಪ್ರಕಟಿಸಿದರು. ಇಂದಿನ ಕಾರ್ಡು ಅದರ ವಂಶದ್ದೇ. ಆ್ಯಂಟಿಬಾಡಿಯ ಮೂಲ ಇಂದಿಗೂ ಇಲಿ, ಮೊಲ ಮುಂತಾದ ಪ್ರಾಣಿಗಳೇ ಆದುದರಿಂದ ಪೂರ್ತಿ ನಿರ್ದೋಷ ಎನ್ನಲಾಗದು. ಆದರೆ ಒಂದೊಂದು ಪರೀಕ್ಷೆಗೆ ಒಂದೊಂದು ಜೀವ ಹೋಗುವುದು ನಿಂತಿತು.

ಆ ಹಳೆಯ ವಿಧಾನಗಳಲ್ಲಿ ತಪ್ಪು 'ಹೌದು' ಬರುತ್ತಿತ್ತು. ಎಚ್‌ಸಿಜಿಯ ಅಕ್ಕ-ತಂಗಿಯಂತಿರುವ ಎಲ್‌ಎಚ್ ಎಂಬ ಹಾರ್ಮೋನು ಪ್ರತಿ ಹೆಂಗಸಿನ ಮೈಯಲ್ಲೂ ಇರುತ್ತದೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಚ್ಚುತ್ತದೆ. ಇಬ್ಬರ ಮುಖವೂ ಅರ್ಧ ಒಂದೇ ತೆರನಾದುದರಿಂದ ಪರೀಕ್ಷೆ ಮೋಸಹೋಗುತ್ತಿತ್ತು. 1972ರಲ್ಲಿ ಅಮೆರಿಕದ ವಿಜ್ಞಾನಿಗಳು ಎಚ್‌ಸಿಜಿಗೆ ಮಾತ್ರ ಇರುವ ಬೀಟಾ ಎಂಬ ಭಾಗವನ್ನು ಹಿಡಿಯುವ ಉಪಾಯ ಕಂಡುಹಿಡಿದ ಮೇಲೆ ಈ ಗೊಂದಲ ಬಹುಮಟ್ಟಿಗೆ ತೀರಿತು. ಆದ್ದರಿಂದ ಇಂದಿನ ಕಾರ್ಡು ಒಳ್ಳೆಯ ಕಾರ್ಡೇ. ಆದರೂ ಎರಡು ಗೆರೆ ಕಂಡು ಮಗು ಇಲ್ಲದಿರುವ ಸಂದರ್ಭಗಳು ಹಲವು. ಒಂದೊಂದಾಗಿ ನೋಡೋಣ.

ಮೊದಲನೆಯದು, ಹೊತ್ತು ಮೀರಿ ನೋಡುವುದು. ಮೂತ್ರದ ಮೂರು ಹನಿ ಹಾಕಿ ಪೊಟ್ಟಣದಲ್ಲಿ ಬರೆದಷ್ಟು ಹೊತ್ತಿಗೆ, ಹೆಚ್ಚಾಗಿ 5 ನಿಮಿಷಕ್ಕೆ, ನೋಡಬೇಕು. ಕೆಲವರು ಬೆಳಿಗ್ಗೆ ನೋಡಿ ಬಚ್ಚಲಿನ ಗೂಡಿನಲ್ಲಿಟ್ಟು ಸಂಜೆ ಗಂಡನಿಗೆ ತೋರಿಸುತ್ತಾರೆ. ಅಷ್ಟರಲ್ಲಿ ತೇವ ಆರಿ 'ಟಿ' ಇದ್ದಲ್ಲಿ ಬೂದುಬಣ್ಣದ ಕಲೆಯಂತಹ ಗೆರೆ ಕಾಣುವುದುಂಟು. ಅದು ಗೆರೆಯಲ್ಲ, ಆರಿದ ಗುರುತು. ಹೇಳಿದ ಹೊತ್ತಿನೊಳಗೆ ಬಣ್ಣದ ಗೆರೆ ತೆಳುವಾಗಿ ಬಂದರೂ ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಹೊತ್ತು ಮೀರಿದ ಮೇಲೆ ಕಂಡದ್ದನ್ನು ಬಿಟ್ಟು, ಎರಡು ದಿನ ತಡೆದು ಹೊಸ ಕಾರ್ಡಿನಲ್ಲಿ ನೋಡಬೇಕು.

ಎರಡನೆಯದು, ಕಾರ್ಡಿನದೇ ದೋಷ. ಅವಧಿ ತೀರಿದ್ದು, ಕವರು ಹರಿದದ್ದು, ಬಿಸಿಲಿಗೆ ಬಿದ್ದದ್ದು ನಂಬಿಕೆಗೆ ಅರ್ಹವಲ್ಲ. ಹೆಚ್ಚಿನ ಪೊಟ್ಟಣಗಳ ಮೇಲೆ 30 ಡಿಗ್ರಿ ಒಳಗೆ ಇಡಿರಿ ಎಂದು ಬರೆದಿರುತ್ತದೆ. ನಮ್ಮ ಸೊಲ್ಲಾಪುರ-ಅಕ್ಕಲಕೋಟೆಯ ಬೇಸಿಗೆ ಎಲ್ಲರಿಗೂ ಗೊತ್ತೇ ಇದೆ. ಅಪರೂಪಕ್ಕೆ ಕಾರ್ಖಾನೆಯಲ್ಲೇ ತಪ್ಪಾಗುವುದುಂಟು. 2018ರಲ್ಲಿ ಬ್ರಿಟನ್ನಿನಲ್ಲಿ ಒಂದು ಬ್ರಾಂಡಿನ ಸುಮಾರು 58,000 ಡಿಜಿಟಲ್ ಕಿಟ್‌ಗಳನ್ನು ಬಸಿರಿಲ್ಲದವರಿಗೂ ಬಸಿರು ತೋರಿಸಬಹುದೆಂಬ ಕಾರಣಕ್ಕೆ ಪೇಟೆಯಿಂದ ಹಿಂದಕ್ಕೆ ತರಿಸಲಾಯಿತು. ಆದ್ದರಿಂದ ಎರಡನೆಯ ಸಲ ನೋಡುವಾಗ ಬೇರೆ ಕಂಪನಿಯ ಕಾರ್ಡು ಕೊಳ್ಳುವುದು ಮೇಲು.

ಮೂರನೆಯದು, ಹಳೆಯ ಬಾಕಿ. ಗರ್ಭ ಇಳಿದ ಮೇಲಾಗಲಿ, ಹೆರಿಗೆಯಾದ ಮೇಲಾಗಲಿ ಎಚ್‌ಸಿಜಿ ಒಂದೇ ದಿನಕ್ಕೆ ಮಾಯವಾಗುವುದಿಲ್ಲ. ಎರಡು-ನಾಲ್ಕು ವಾರ, ಕೆಲವರಲ್ಲಿ ಆರು ವಾರದವರೆಗೂ ಉಳಿಯುತ್ತದೆ. ಆ ಅವಧಿಯಲ್ಲಿ ಕಾರ್ಡು ಇಟ್ಟರೆ ಹಳೆಯ ಖಾತೆಯ ಬಾಕಿ ಹೊಸ ಜಮೆಯಂತೆ ಕಾಣುತ್ತದೆ. ಒಂದು ವೇಳೆ ಒಳಗೆ ಗರ್ಭದ ಚೂರು ಉಳಿದಿದ್ದರೂ ಹೀಗೆಯೇ ಆಗುತ್ತದೆ. ಹಾಗಾಗಿ ವೈದ್ಯರಿಗೆ ತೋರಿಸದೆ ಬಿಡಬಾರದು.

ನಾಲ್ಕನೆಯದು, ಇಂಜಕ್ಷನ್. ಮಕ್ಕಳಾಗಲೆಂದು ಚಿಕಿತ್ಸೆ ಪಡೆಯುವವರಿಗೆ ಅಂಡ ಬಿಡುಗಡೆಯಾಗಲು 5000 ಅಥವಾ 10,000 ಯೂನಿಟ್ ಎಚ್‌ಸಿಜಿಯನ್ನೇ ಚುಚ್ಚುತ್ತಾರೆ. ಅದು ಮೈಯಿಂದ ಪೂರ್ತಿ ಹೋಗಲು 10ರಿಂದ 14 ದಿನ ಬೇಕು. ಅವಸರಪಟ್ಟು ಎಂಟನೆಯ ದಿನವೇ ಕಾರ್ಡು ಇಟ್ಟರೆ ಎರಡು ಗೆರೆ ಬರಬಹುದು. ಅದು ಚುಚ್ಚಿದ ಔಷಧಿಯ ಗೆರೆ. ವರ್ಷಗಟ್ಟಲೆ ಕಾದು, ಸಾಲ ಮಾಡಿ ಚಿಕಿತ್ಸೆ ಮಾಡಿಸಿಕೊಂಡ ದಂಪತಿಗಳಿಗೆ ಈ ಸುಳ್ಳು ಸಂತೋಷ ಎಷ್ಟು ಕ್ರೂರವೆಂದು ಹೇಳಬೇಕಾಗಿಲ್ಲ. ವೈದ್ಯರು ಹೇಳಿದ ದಿನಕ್ಕೇ ನೋಡಬೇಕು.

ಇಲ್ಲಿ ಇನ್ನೊಂದು ಮಾತು. ದಶಲಕ್ಷಣ ಪರ್ವ, ಪಂಚಕಲ್ಯಾಣ, ಮದುವೆ ಬಂದಾಗ ಮುಟ್ಟು ಮುಂದೂಡುವ ಗುಳಿಗೆ ಕೇಳಿಕೊಂಡು ನಮ್ಮ ಮನೆತನಗಳ ಹೆಣ್ಣುಮಕ್ಕಳು ಬರುತ್ತಾರೆ. ಗುಳಿಗೆಯಿಂದ ಕಾರ್ಡು ತಪ್ಪು ಹೇಳೀತೇ ಎಂದು ಕೇಳುವವರಿದ್ದಾರೆ. ಇಲ್ಲ. ಆ ಗುಳಿಗೆ ಬೇರೆ ಜಾತಿಯ ಹಾರ್ಮೋನು, ಎಚ್‌ಸಿಜಿ ಅಲ್ಲ. ಸಂತಾನ ನಿಯಂತ್ರಣದ ಗುಳಿಗೆ, ಜ್ವರದ ಪ್ಯಾರಾಸಿಟಮಾಲ್, ಸಾಮಾನ್ಯ ಆ್ಯಂಟಿಬಯಾಟಿಕ್‌ಗಳಿಂದಲೂ ಗೆರೆ ಮೂಡುವುದಿಲ್ಲ. ಗುಳಿಗೆ ನುಂಗುವಾಗ ಎರಡು ಗೆರೆ ಬಂದರೆ "ಗುಳಿಗೆಯಿಂದ ಬಂದಿರಬೇಕು" ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು.

ಐದನೆಯದೇ ಎಲ್ಲಕ್ಕಿಂತ ಹೆಚ್ಚು ಮನೆಗಳಲ್ಲಿ ಆಗುವಂಥದು. ಗರ್ಭ ನಿಜವಾಗಿಯೂ ಕಟ್ಟಿರುತ್ತದೆ, ಕೆಲವೇ ದಿನಗಳಲ್ಲಿ ತಾನಾಗಿ ಇಳಿದುಹೋಗುತ್ತದೆ. ಮೇಲೆ ಹೇಳಿದ ಸೊಸೆಗೆ ಆದದ್ದು ಇದೇ ಎಂದು ಆಕೆಯನ್ನು ನೋಡಿದ ವೈದ್ಯರು ಹೇಳಿದರು. 1988ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 221 ಆರೋಗ್ಯವಂತ ಹೆಂಗಸರ ಮೂತ್ರವನ್ನು ದಿನದಿನವೂ ಪರೀಕ್ಷಿಸಿದರು. ಒಟ್ಟು 198 ಗರ್ಭಗಳು ಕಂಡವು. ಅವುಗಳಲ್ಲಿ ಶೇಕಡಾ 22ರಷ್ಟು ಬಸಿರು ಎಂದು ವೈದ್ಯರಿಗೆ ಗೊತ್ತಾಗುವ ಮೊದಲೇ ಇಳಿದುಹೋದವು. ಆಮೇಲೆ ಇಳಿದದ್ದನ್ನೂ ಕೂಡಿಸಿದರೆ ಶೇಕಡಾ 31. ಅಂದರೆ ಮೂರರಲ್ಲಿ ಸುಮಾರು ಒಂದು. ನಮ್ಮ ಅವ್ವ-ಅಜ್ಜಿಯರ ಕಾಲದಲ್ಲೂ ಹೀಗೆಯೇ ಆಗುತ್ತಿದ್ದಿರಬೇಕು. ಆಗ ಕಾರ್ಡು ಇರಲಿಲ್ಲ. "ಈ ಸಲ ನಾಲ್ಕು ದಿನ ತಡವಾಯಿತು" ಎಂದು ಸುಮ್ಮನಾಗುತ್ತಿದ್ದರು. ಕಾರ್ಡು ಬಂದ ಮೇಲೆ ಮುಚ್ಚಿಹೋಗುತ್ತಿದ್ದ ಸಂಗತಿ ಕಣ್ಣಿಗೆ ಬಿತ್ತು.

ಹೀಗೆ ಬೇಗ ಇಳಿಯುವ ಗರ್ಭಗಳಲ್ಲಿ ಹೆಚ್ಚಿನವು ಪಿಂಡದೊಳಗಿನ ವರ್ಣತಂತುಗಳ ಲೆಕ್ಕ ತಪ್ಪಿದ್ದರಿಂದ ಇಳಿಯುತ್ತವೆ. ಸೊಸೆ ಮಹಡಿ ಹತ್ತಿದ್ದರಿಂದ, ಪಪ್ಪಾಯಿ ತಿಂದದ್ದರಿಂದ, ತವರಿಗೆ ಬಸ್ಸಿನಲ್ಲಿ ಹೋದದ್ದರಿಂದ ಇಳಿಯಿತೆಂದು ಹೇಳುವುದಕ್ಕೆ ಆಧಾರವಿಲ್ಲ. ಸಾಲು ಸಾಲಾಗಿ ಎರಡು-ಮೂರು ಸಲ ಹಾಗಾದರೆ ಗಂಡ-ಹೆಂಡತಿ ಇಬ್ಬರೂ ತಪಾಸಣೆ ಮಾಡಿಸಿಕೊಳ್ಳಬೇಕು.

ಆರನೆಯದು, ಬಿಲ್ಟಿ ಬಂದರೂ ಮಾಲು ಬೇರೆ ಸ್ಟೇಷನ್ನಿನಲ್ಲಿ ಇಳಿದಂತೆ. ನೂರು ಗರ್ಭಗಳಲ್ಲಿ ಒಂದೆರಡು ಗರ್ಭಕೋಶದಲ್ಲಿ ಕೂಡದೆ ಅಂಡನಾಳದಲ್ಲಿ ಕೂಡುತ್ತವೆ. ಕಾರ್ಡಿಗೆ ಆ ಭೇದ ತಿಳಿಯುವುದಿಲ್ಲ, ಎರಡು ಗೆರೆ ತೋರಿಸುತ್ತದೆ. ಆ ಗರ್ಭ ಬೆಳೆದು ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿದು ಜೀವಕ್ಕೇ ಅಪಾಯ. ಕೆಳಹೊಟ್ಟೆಯ ಒಂದು ಬದಿಗೆ ನೋವು, ಸ್ವಲ್ಪ ಸ್ವಲ್ಪ ರಕ್ತ ಕಾಣುವುದು, ತಲೆ ತಿರುಗುವುದು, ಹೆಗಲು ನೋಯುವುದು ಇದರ ಲಕ್ಷಣ. ಇಂಥ ಹೊತ್ತಿನಲ್ಲಿ ಬೆಳಗಾಗಲಿ ಎಂದು ಕಾಯಬಾರದು. ಜತ್ತಿನ ಹಳ್ಳಿಗಳವರು ಮಿರಜಿಗೋ ವಿಜಾಪುರಕ್ಕೋ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೋ ರಾತ್ರಿಯಾದರೂ ಹೊರಡಬೇಕು.

ಇದೇ ಕಾರಣಕ್ಕೆ ಬರಿಯ ಕಾರ್ಡು ನೋಡಿ ಗರ್ಭಪಾತದ ಗುಳಿಗೆ ಕೇಳುವವರಿಗೆ ನಾವು ಕೈಮುಗಿಯುತ್ತೇವೆ. ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರುವುದು ಕಾನೂನಿಗೆ ವಿರುದ್ಧ. ಗರ್ಭ ನಾಳದಲ್ಲಿದ್ದರೆ ಆ ಗುಳಿಗೆಯಿಂದ ಅದು ಹೋಗುವುದಿಲ್ಲ, ರಕ್ತ ಕಂಡಿತೆಂದು ಮನೆಯವರು ಸಮಾಧಾನದಲ್ಲಿರುವಾಗ ಒಳಗೆ ನಾಳ ಒಡೆಯಬಹುದು. ಜೀವದಯೆಯ ಮಾತು ಒಂದು ಕಡೆ ಇರಲಿ, ಆ ಹೆಣ್ಣಿನ ಜೀವವನ್ನಾದರೂ ನೋಡಬೇಕಲ್ಲ?

ಏಳನೆಯದು, ಮಗುವಿಲ್ಲದೆ ಬರಿಯ ಮಾಸೇ ಬೆಳೆಯುವುದು. ದ್ರಾಕ್ಷಿಗೊಂಚಲಿನಂತೆ ನೀರುಗುಳ್ಳೆಗಳು ಗರ್ಭಕೋಶದಲ್ಲಿ ತುಂಬುತ್ತವೆ. ಎಚ್‌ಸಿಜಿ ವಿಪರೀತ ಏರುತ್ತದೆ, ವಾಂತಿಯೂ ಬಹಳ. ಸೋನೋಗ್ರಫಿಯಲ್ಲಿ ತಿಳಿಯುತ್ತದೆ. ತೆಗೆಸಿದ ಮೇಲೂ ವೈದ್ಯರು ಹೇಳಿದಷ್ಟು ತಿಂಗಳು ರಕ್ತ ಪರೀಕ್ಷೆಗೆ ಹೋಗಲೇಬೇಕು. ಕೆಲವರಲ್ಲಿ ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಅಂಡಾಶಯದ ಕೆಲವು ಗಡ್ಡೆಗಳೂ, ಗಂಡಸರಲ್ಲಿ ವೃಷಣದ ಕೆಲವು ಗಡ್ಡೆಗಳೂ ಎಚ್‌ಸಿಜಿ ಬಿಡುವುದುಂಟು.

ಎಂಟನೆಯದು ಹಿರಿಯ ಹೆಂಗಸರದು. ಮುಟ್ಟು ನಿಂತ ಮೇಲೆ ಕೆಲವರಲ್ಲಿ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯೇ ಅಲ್ಪ ಪ್ರಮಾಣದಲ್ಲಿ ಎಚ್‌ಸಿಜಿ ಬಿಡುತ್ತದೆ. ಕಾರ್ಡಿಗೆ ಸಿಗುವಷ್ಟು ಇರುವುದು ಅಪರೂಪ, ಆದರೆ ಆಪರೇಷನ್ನಿನ ಮೊದಲು ಮಾಡುವ ರಕ್ತ ಪರೀಕ್ಷೆಯಲ್ಲಿ ಕಾಣಬಹುದು. ಐವತ್ತು ದಾಟಿದ ಹೆಂಗಸಿನ ವರದಿಯಲ್ಲಿ 'ಪಾಸಿಟಿವ್' ಎಂದು ಬಂದರೆ, ಅದರಲ್ಲೂ ಆಕೆ ಗಂಡನನ್ನು ಕಳೆದುಕೊಂಡವಳಾಗಿದ್ದರೆ, ಜನರ ನಾಲಿಗೆ ಏನೇನು ಆಡೀತೆಂದು ಹೇಳಬೇಕೇ? ವೈದ್ಯರಿಗೆ ಇದರ ಕಾರಣ ಗೊತ್ತಿದೆ, ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡುತ್ತಾರೆ. ಒಂದು ಚೀಟಿ ನೋಡಿ ಹೆಂಗಸಿನ ನಡತೆಯ ಮೇಲೆ ಮಾತಾಡುವುದು ಘೋರ ಪಾಪ.

ಕೊನೆಯದು ದವಾಖಾನೆಯ ರಕ್ತ ಪರೀಕ್ಷೆಯ ಮಾತು. ಅದು ಕಾರ್ಡಿಗಿಂತ ಸೂಕ್ಷ್ಮವಾದದ್ದು ನಿಜ, ಆದರೆ ಅದಕ್ಕೂ ಮೋಸವಾಗುತ್ತದೆ. ಕೆಲವರ ರಕ್ತದಲ್ಲಿ ಪ್ರಾಣಿಗಳ ಆ್ಯಂಟಿಬಾಡಿಗೆ ಅಂಟಿಕೊಳ್ಳುವಂತಹ ಬೇರೊಂದು ಆ್ಯಂಟಿಬಾಡಿ ಇರುತ್ತದೆ. ಅದು ಪರೀಕ್ಷೆಯೊಳಗಿನ ಪದಾರ್ಥಕ್ಕೆ ಅಂಟಿ, ಎಚ್‌ಸಿಜಿ ಇಲ್ಲದಿದ್ದರೂ ಇದೆಯೆಂದು ತೋರಿಸುತ್ತದೆ. 2000ದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೋಟ್‌ಮೆನ್ಶ್ ಮತ್ತು ಕೋಲ್ ಎಂಬವರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಂಥ 12 ಹೆಂಗಸರ ವೃತ್ತಾಂತ ಪ್ರಕಟಿಸಿದರು. ರಕ್ತದಲ್ಲಿ ಎಚ್‌ಸಿಜಿ ಇದೆ, ಬಸಿರಿಲ್ಲ, ಆದ್ದರಿಂದ ಕ್ಯಾನ್ಸರ್ ಇರಬೇಕೆಂದು ಅವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಅಥವಾ ಕ್ಯಾನ್ಸರಿನ ಔಷಧಿ ಆಗಿತ್ತು. ಅವರಿಗೆ ಕ್ಯಾನ್ಸರ್ ಇರಲೇ ಇಲ್ಲ. ಆ ಆ್ಯಂಟಿಬಾಡಿ ಗಾತ್ರದಲ್ಲಿ ದೊಡ್ಡದು, ಮೂತ್ರಪಿಂಡದ ಜರಡಿಯಿಂದ ಇಳಿಯುವುದಿಲ್ಲ. ಹೀಗಾಗಿ ಮೂತ್ರ ಪರೀಕ್ಷಿಸಿದ್ದರೆ ಸುಳ್ಳು ಬಯಲಾಗುತ್ತಿತ್ತು. ದೊಡ್ಡ ಯಂತ್ರ ತಪ್ಪು ಹೇಳಿದಲ್ಲಿ ಸಣ್ಣ ಕಾರ್ಡು ನಿಜ ಹೇಳಬಲ್ಲದೆಂಬುದಕ್ಕೆ ಇದು ಉದಾಹರಣೆ. ರಕ್ತದ ವರದಿಗೂ ಮೈಯ ಲಕ್ಷಣಕ್ಕೂ ತಾಳೆಯಾಗದಿದ್ದರೆ "ಮೂತ್ರದಲ್ಲೂ ನೋಡೋಣವೇ, ಬೇರೆ ಲ್ಯಾಬಿನಲ್ಲಿ ಮತ್ತೊಮ್ಮೆ ನೋಡೋಣವೇ" ಎಂದು ವೈದ್ಯರನ್ನು ವಿನಯದಿಂದ ಕೇಳಬಹುದು.

ಇಷ್ಟೆಲ್ಲ ಓದಿ ಕಾರ್ಡೇ ಬೇಡ ಎನ್ನಬೇಕಾಗಿಲ್ಲ. ಮನೆಯಲ್ಲಿ ನೆನಪಿಡಬೇಕಾದದ್ದು ಇಷ್ಟು:

1. ದಿನ ತಪ್ಪಿ ಒಂದು ವಾರ ಕಾಯ್ದು, ಬೆಳಗಿನ ಮೊದಲ ಮೂತ್ರದಲ್ಲಿ ನೋಡಿರಿ. ನೋವು, ರಕ್ತಸ್ರಾವ ಇದ್ದರೆ ಮಾತ್ರ ಕಾಯದೆ ವೈದ್ಯರಲ್ಲಿಗೆ ಹೋಗಿರಿ.

2. ಗಡಿಯಾರ ನೋಡಿಕೊಂಡು ಓದಿರಿ. ಹೊತ್ತು ಮೀರಿದ ಕಾರ್ಡನ್ನು ಎಸೆಯಿರಿ.

3. ಎರಡು ಗೆರೆ ಬಂದರೆ ವೈದ್ಯರಿಗೆ ತೋರಿಸಿರಿ. ಅನುಮಾನವಿದ್ದಲ್ಲಿ ಅವರು 48 ಗಂಟೆಗಳ ಅಂತರದಲ್ಲಿ ಎರಡು ಸಲ ರಕ್ತ ಪರೀಕ್ಷೆ ಮಾಡಿಸಿ ಎಚ್‌ಸಿಜಿ ಏರುತ್ತಿದೆಯೇ ಎಂದು ನೋಡುತ್ತಾರೆ.

4. ಗರ್ಭ ಎಲ್ಲಿ ಕುಳಿತಿದೆ, ಎದೆಬಡಿತ ಇದೆಯೇ ಎಂಬುದು ಆರು-ಏಳು ವಾರದ ಸುಮಾರಿಗೆ ಸೋನೋಗ್ರಫಿಯಲ್ಲಿ ಕಾಣುತ್ತದೆ. ಪೇಢೆ ಅಲ್ಲಿಯ ತನಕ ಕಾಯಲಿ.

5. ಕಾರ್ಡು ನೋಡುವುದೂ, ಯಾರಿಗೆ ಯಾವಾಗ ಹೇಳಬೇಕೆಂಬುದೂ ಮೊದಲು ಗಂಡ-ಹೆಂಡತಿಯರ ಮಾತು. ಬಚ್ಚಲಿನ ಬಾಗಿಲಲ್ಲಿ ಅತ್ತೆ-ನಾದಿನಿಯರು ಕಾಯುತ್ತ ನಿಲ್ಲಬಾರದು.

ನಮ್ಮ ಆಚಾರ್ಯರು ಸ್ಯಾದ್ವಾದ ಹೇಳಿಕೊಟ್ಟಿದ್ದಾರೆ. ಯಾವ ಮಾತನ್ನೂ 'ಇದೇ ಪೂರ್ತಿ ಸತ್ಯ' ಎನ್ನದೆ, 'ಒಂದು ದೃಷ್ಟಿಯಿಂದ ಹೀಗಿದೆ' ಎನ್ನಬೇಕು. ಪ್ರವಚನದಲ್ಲಿ ಕೇಳಿ ತಲೆದೂಗುತ್ತೇವೆ, ಮನೆಗೆ ಬಂದು ಬೆರಳಗಲದ ಒಂದು ಕಾರ್ಡನ್ನು ನೋಡಿ ಸೊಸೆಯನ್ನು ಹೊಗಳುತ್ತೇವೆ, ಮರುವಾರ ಅದೇ ಸೊಸೆಯನ್ನು ಹಳಿಯುತ್ತೇವೆ. ಮೂತ್ರದಲ್ಲಿ ಎಚ್‌ಸಿಜಿ ಇದೆ ಎಂಬುದು ಒಂದು ದೃಷ್ಟಿಯ ಸತ್ಯ. ಉಳಿದ ಸತ್ಯವನ್ನು ಕಾಲ, ವೈದ್ಯರು ಮತ್ತು ತಾಯಿಯ ಮೈ ಮೂವರೂ ಕೂಡಿ ತಿಳಿಸಬೇಕು. ಅಲ್ಲಿಯವರೆಗೆ ಹೊಟ್ಟೆ ತುಂಬ ಊಟ, ಸಾಕಷ್ಟು ವಿಶ್ರಾಂತಿ, ನಾಲ್ಕು ಒಳ್ಳೆಯ ಮಾತು ಸೊಸೆಗೆ ಸಿಗಲಿ. ಗೆರೆ ಒಂದಾದರೂ ಸಿಗಲಿ, ಎರಡಾದರೂ ಸಿಗಲಿ.

ಜೈ ಜಿನೇಂದ್ರ.